ಸುಬ್ಬಮ್ಮನ ಸಿಂಬಿ

ಸರ್ಕಾರ ಪಾಲಾಕ್ಷನಿಗೆ ಕೊಟ್ಟಿದ್ದ ಸೈಕಲ್ಲಿನಲ್ಲಿ ಬೆಲ್ಲು ಚೆನ್ನಾಗಿತ್ತು, ಬ್ರೇಕು ಚೆನ್ನಾಗಿತ್ತು, ಕ್ಯಾರಿಯರ್ ಅಂತೂ ಒಂದು ಮೂಟೆ ರಾಗಿ ಹೊರುವಷ್ಟು ಗಟ್ಟಿಯಾಗಿತ್ತು. ಕೆಟ್ಟದ್ದು ಎಂದರೆ ಸೀಟು ಒಂದೇ. ಅವನು ಕೂರಬೇಕಾಗಿದ್ದದ್ದು ಮಾತ್ರ ಅದರ ಮೇಲೆಯೇ.

ಅವನಿಗಿಂತ ಮುಂಚೆ ಅದನ್ನು ಯಾರು ತುಳಿದಿದ್ದರೋ ಏನೋ, ತೊಗಲು ಒಣಗಿ ಬಿರಿದು, ನಡುವೆ ಬಡಕಲು ಎತ್ತಿನ ಬೆನ್ನುಮೂಳೆಯ ಹಾಗೆ ಒಂದು ಏಣು ಎದ್ದಿತ್ತು. ಎರಡು ಮೈಲಿಗೆ ಜೋಮು ಶುರುವಾಗುತ್ತಿತ್ತು. ಮೂರನೇ ಮೈಲಿಗೆ ಸೊಂಟದಿಂದ ಕೆಳಗಿನದು ತನ್ನದೋ ಬೇರೆಯವರದೋ ತಿಳಿಯುತ್ತಿರಲಿಲ್ಲ. ಅವನ ಕೆಲಸವೋ, ಅರಕಲಗೂಡಿನಿಂದ ಮಲ್ಲಿಪಟ್ಟಣದವರೆಗೆ ದಾರಿಯ ಹಳ್ಳಿಗಳಲ್ಲೆಲ್ಲ ಇಳಿದು, ಮನೆಮನೆ ಮುಂದೆ ನಿಂತು, ಯಾರಿಗಾದರೂ ಜ್ವರ ಬಂದಿದೆಯೇ ಎಂದು ಕೇಳುವುದು; ಬಂದಿದ್ದರೆ ಬೆರಳು ಚುಚ್ಚಿ ಗಾಜಿನ ಮೇಲೆ ಒಂದು ತೊಟ್ಟು ರಕ್ತ ಹಿಡಿದು, ಬಾಗಿಲ ಪಕ್ಕದ ಗೋಡೆಗೆ ತಾರೀಖು ಬರೆಯುವುದು. ಜನರ ಬಾಯಲ್ಲಿ ಅವನು ಮಲೇರಿಯಾ ಪಾಲಾಕ್ಷಪ್ಪ. ಸೈಕಲ್ಲಿನಿಂದ ಇಳಿದವನೇ ತೂರಾಡುತ್ತ ಬಂದು, ಜಗುಲಿ ಕಂಬವನ್ನು ತಬ್ಬಿಕೊಂಡು ಜ್ವರದ ಮಾತೆತ್ತಿದರೆ, "ನಾವೆಲ್ಲ ಚೆನ್ನಾಗೇ ಇದೀವಿ ಸಾ. ನಿಮ್ಗೇ ಬಂದಂಗದೆ, ಕೂತ್ಕಳಿ" ಎನ್ನುತ್ತಿದ್ದರು. ಕೂರುವ ಮಾತು ಕೇಳಿದರೇ ಅವನಿಗೆ ಅಳು ಬರುತ್ತಿತ್ತು.

ಬೇರೆ ಸೀಟು ಹಾಕಿಸೋಣವೆಂದರೆ ಸೈಕಲ್ಲು ಸರ್ಕಾರದ್ದು. ಅದರ ಒಂದು ಸ್ಕ್ರೂ ಬದಲಾಯಿಸಿದರೂ ಹತ್ತು ಜನಕ್ಕೆ ಜವಾಬು ಕೊಡಬೇಕು. ಎರಡು ವರ್ಷ ಹಲ್ಲು ಕಚ್ಚಿಕೊಂಡಿದ್ದು, ಅರವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಪಾಲಾಕ್ಷ ಅರ್ಜಿ ಬರೆದ. ಈ ಸೀಟಿನಿಂದ ಕಾಲು ಸತ್ತುಹೋಗುತ್ತಿದೆ, ಹಾಸನದ ಆಫೀಸಿನಲ್ಲಿ ಖಾಲಿಯಿರುವ ಗುಮಾಸ್ತೆ ಕೆಲಸಕ್ಕೆ ದಯಮಾಡಿ ತನ್ನನ್ನು ಹಾಕಬೇಕು ಎಂದು. ಆ ಆಫೀಸನ್ನು ಅವನು ಒಂದೇ ಒಂದು ಸಲ ನೋಡಿದ್ದ. ಅಲ್ಲಿ ಬೆತ್ತ ಹೆಣೆದ ಕುರ್ಚಿಗಳಿದ್ದವು. ಅಂದಿನಿಂದ ಆ ಕುರ್ಚಿ ಅವನ ಕನಸಿನಲ್ಲಿ ಬರುತ್ತಿತ್ತು.

ಆ ಆಫೀಸಿನ ಸಾಹೇಬರ ಉತ್ತರ ಚುಟುಕಾಗಿತ್ತು. "ಈ ಸಬೂಬು ಎಲ್ಲರೂ ಹೇಳುತ್ತಾರೆ. ಗುರುವಾರ ಹನ್ನೊಂದು ಗಂಟೆಗೆ ಮಲ್ಲಿಪಟ್ಟಣಕ್ಕೆ ಬರುತ್ತೇನೆ. ಸೈಕಲ್ಲನ್ನು ನಾನೇ ತುಳಿದು ನೋಡಿ ತೀರ್ಮಾನಿಸುತ್ತೇನೆ."

ಪಾಲಾಕ್ಷ ಆ ಕಾಗದವನ್ನು ಕಣ್ಣಿಗೊತ್ತಿಕೊಂಡ. ಸಾಹೇಬರು ಒಂದು ಫರ್ಲಾಂಗು ತುಳಿದರೆ ಸಾಕು, ಸೀಟೇ ಸಾಕ್ಷಿ ಹೇಳುತ್ತದೆ. ಇನ್ನೊಂದು ದಿನ ಇದು ಹೀಗೇ ಹಾಳಾಗಿರಲಿ ತಂದೆ ಎಂದು ದೇವರಲ್ಲಿ ಬೇಡಿಕೊಂಡು ಮಲಗಿದ.

ಗುರುವಾರ ಬೆಳಿಗ್ಗೆ ಎದ್ದು ಹೊರಗೆ ಬಂದರೆ, ಪಕ್ಕದ ಮನೆಯ ರಿಟೈರಾದ ಮೇಷ್ಟ್ರು ಚಂದ್ರಶೇಖರಯ್ಯ ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಕೈಯಲ್ಲಿ ಹರಳೆಣ್ಣೆ ಬಟ್ಟಲು.

"ಏನ್ ಮೇಷ್ಟ್ರೇ ಇದು!"

"ಸುಮ್ನಿರಯ್ಯ. ನಿನ್ನೆ ಸಾಯಂಕಾಲದಿಂದ ಇದು ಮೂರನೇ ಸಲ ಎಣ್ಣೆ ಕುಡಿಸ್ತಿರೋದು. ಸಾಹೇಬ್ರು ಸೈಕಲ್ ನೋಡಕ್ಕೆ ಬರ್ತಾರಂತೆ, ನೀಲಾಂಬಿಕೆ ಹೇಳಿದ್ಲು. ನೋಡಿದ ತಕ್ಷಣ ಖುಷಿ ಆಗ್ಬೇಕು ಅವ್ರಿಗೆ."

"ಅವ್ರಿಗೆ ಖುಷಿ ಆಗ್ಬಾರ್ದು ಮೇಷ್ಟ್ರೇ!"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ನೀಲಾಂಬಿಕೆಗೆ ಕೋಪ ಬಂತು. "ದೊಡ್ಡೋರು ಒಳ್ಳೇದಕ್ಕೆ ಮಾಡಿದ್ರೆ ಹಿಂಗಾ ಆಡೋದು? ಬೂದಿ ಹಾಕಿ ಉಜ್ಜಿ, ಎಣ್ಣೆ ಹೋಗತ್ತೆ" ಎಂದು ಒಲೆಯಿಂದ ಒಂದು ಬೊಗಸೆ ಬೂದಿ ತಂದು ಸುರಿದಳು. ಎಣ್ಣೆಗೆ ಬೂದಿ ಸೇರಿ ಸೀಟಿಗೆ ಕಪ್ಪು ಬಣ್ಣ ಬಂತು. ಪಾಲಾಕ್ಷ ಬೆರಳಿನಿಂದ ಒತ್ತಿ ನೋಡಿದ. ಪುಣ್ಯಕ್ಕೆ ಸೀಟು ಮೆತ್ತಗಾಗಿರಲಿಲ್ಲ, ಜಾರುತ್ತಿತ್ತು ಅಷ್ಟೆ.

ಮುಂದಕ್ಕೂ ಹಿಂದಕ್ಕೂ ಜಾರುತ್ತ ಊರಾಚೆಗೆ ಬರುವ ಹೊತ್ತಿಗೆ ಸೈಕಲ್ ಶಾಪಿನ ಬೋರಪ್ಪ ರಸ್ತೆಗೇ ಬಂದು ಹ್ಯಾಂಡಲ್ಲು ಹಿಡಿದುಕೊಂಡ.

"ಪಾಲಾಕ್ಷಣ್ಣ, ಇದ್ಯಾಕಂಗೆ ಕೊಸರಾಡ್ತಿದ್ದೀಯ? ಒಂದ್ನಿಮಿಷ ಇಳಿ."

"ಇವತ್ತೊಂದಿನ ಮುಟ್ಬೇಡ ಬೋರಪ್ಪ, ನಿನ್ ದಮ್ಮಯ್ಯ."

"ನಿನ್ ತಾವ ಕಾಸೇನಾದ್ರೂ ಕೇಳಿದ್ನಾ? ಸುಮ್ಕಿರು" ಎಂದವನೇ ಸ್ಪ್ಯಾನರ್ ಹಾಕಿ ನಾಲ್ಕು ಸಲ ತಿರುಗಿಸಿದ. "ಮೂತಿ ತಗ್ಗಿಸಿವ್ನಿ. ಇನ್ನು ಜೋಮು ಇಡುದ್ರೆ ನನ್ನ ಕೇಳು."

ಮೂತಿ ತಗ್ಗಿದ, ಎಣ್ಣೆ ಕುಡಿದ ಸೀಟು ಪಾಲಾಕ್ಷನನ್ನು ಹೆಜ್ಜೆಹೆಜ್ಜೆಗೂ ಹ್ಯಾಂಡಲ್ಲಿನ ಮೇಲೆ ತಳ್ಳುತ್ತಿತ್ತು. ಮೈಭಾರವೆಲ್ಲ ಮುಂಗೈಗೆ ಬಂದು ಜೋಮು ಅಲ್ಲಿಗೂ ಹತ್ತಿತು. ಇಷ್ಟು ದಿನ ಅರ್ಧ ಪಾಲಾಕ್ಷ ಸಾಯುತ್ತಿದ್ದ, ಈಗ ಉಳಿದರ್ಧವೂ ಹೊರಟಿತು. ಸಾಕ್ಷಿಯ ಬಲ ಹೆಚ್ಚಾಯಿತು ಬಿಡು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಐದನೇ ಮೈಲಿಯಲ್ಲಿ, ಇಳಿಜಾರಿನ ಬುಡದ ಬಾವಿಯ ಹತ್ತಿರ, ಒಂದು ಎಮ್ಮೆ ಅಡ್ಡ ಬಂತು. ಬ್ರೇಕು ಹಿಡಿಯಬೇಕಾದ ಬೆರಳು ಮಡಚಲೇ ಇಲ್ಲ. ಸೈಕಲ್ ಸಮೇತ ನೀರು ಸೇದುವ ಹೆಂಗಸರ ಕೊಡಗಳ ನಡುವೆ ಬಿದ್ದ.

"ಅಯ್ಯೋ, ಮಲೇರಿಯಾ ಅಯ್ನೋರು ಬಿದ್ಬುಟ್ರು ಕಣ್ರವ್ವಾ!"

ಸುಬ್ಬಮ್ಮ ಎಂಬ ಮುದುಕಿ ಹತ್ತಿರ ಬಂದು ಕೇಳಿದಳು. "ಕಾಲೇನಾರ ಮುರೀತಾ?"

"ಕಾಲೇ ಇಲ್ಲ ಅಜ್ಜಿ" ಎಂದ ಪಾಲಾಕ್ಷ. ಅವನ ಕಣ್ಣಲ್ಲಿ ನೀರಿತ್ತು.

ಸುಬ್ಬಮ್ಮ ಸೀಟನ್ನು ಕೈಯಿಂದ ಬಡಿದು ನೋಡಿದಳು. "ಇದ್ರ ಮ್ಯಾಲಾ ನೀವು ದಿನಾ ಕುಂತ್ಕಳಾದು? ನೆತ್ತಿ ಮ್ಯಾಲೆ ಕೊಡಾನ ಅಂಗೇ ಮಡಿಕ್ಕಂಡ್ರೆ ನೆತ್ತಿ ಸತ್ತೋಯ್ತದೆ. ಅದ್ಕೇಯ ಸಿಂಬಿ. ಭಾರ ಸುತ್ಲೂ ಕುಂತ್ಕತದೆ, ಮಧ್ಯಕ್ಕೆ ಬೀಳಾಕಿಲ್ಲ. ಇಷ್ಟೂ ಗೊತ್ತಾಗಕಿಲ್ವಾ ನಿಮ್ ಸರ್ಕಾರಕ್ಕೆ?" ಎಂದು ತಲೆಯ ಮೇಲಿನ ಸಿಂಬಿ ತೆಗೆದಳು. ಹುಲ್ಲು ಹೊಸೆದು ಹಳೇ ಸೀರೆ ಬಿಗಿಯಾಗಿ ಸುತ್ತಿದ, ನಡುವೆ ತೂತಿದ್ದ ಬಳೆಯಾಕಾರದ ಸಿಂಬಿ.

ಪಾಲಾಕ್ಷ ಬೇಡವೆಂದು ಕೈಮುಗಿದ. ಸೀಟು ಸುಖವಾದರೆ ಅವನ ಕುರ್ಚಿ ಹೋಯಿತು. ಆದರೆ ಗಂಟೆ ಆಗಲೇ ಹತ್ತಾಗಿತ್ತು, ಇನ್ನೂ ನಾಲ್ಕು ಮೈಲಿ ಉಳಿದಿತ್ತು, ಕಾಲು ಇರಲಿಲ್ಲ. ಊರಿಗೆ ಅರ್ಧ ಮೈಲಿ ಇರುವಾಗ ಬಿಚ್ಚಿ ಚೀಲಕ್ಕೆ ಹಾಕಿಕೊಂಡರಾಯಿತೆಂದು ಒಪ್ಪಿದ. ಸುಬ್ಬಮ್ಮ ಒದ್ದೆ ಕತ್ತಾಳೆ ನಾರಿನಿಂದ ಏಳು ಗಂಟು ಹಾಕಿದಳು.

"ನಮ್ಮವ್ವ ಸುತ್ತಿ ಕೊಟ್ಟಿದ್ದು ಕಣಪ್ಪ ಇದು. ಸಂಜೆಗೆ ಇಲ್ಲೇ ನಿಂತಿರ್ತೀನಿ, ಕೊಟ್ಟೇ ಮುಂದಕ್ಕೋಗ್ಬೇಕು."

ಮುಂದಿನ ನಾಲ್ಕು ಮೈಲಿ ಪಾಲಾಕ್ಷ ಸೈಕಲ್ ತುಳಿದಂತೆಯೇ ಇರಲಿಲ್ಲ. ಜಾರಲಿಲ್ಲ, ಒತ್ತಲಿಲ್ಲ. ಎರಡು ವರ್ಷದ ಮೇಲೆ ಸೈಕಲ್ಲಿನ ಮೇಲಿದ್ದಾಗ ಕಾಲಿನ ಹೆಬ್ಬೆರಳು ಇರುವುದು ಗೊತ್ತಾಯಿತು. ಆ ಸಂತೋಷಕ್ಕೆ ಊರ ಮುಂದಿನ ಆಲದ ಮರ ಬರುವವರೆಗೂ ಸಿಂಬಿ ಬಿಚ್ಚುವುದೇ ನೆನಪಾಗಲಿಲ್ಲ.

ಗಾಬರಿಯಿಂದ ಇಳಿದು ಗಂಟಿಗೆ ಕೈ ಹಾಕಿದರೆ, ಒದ್ದೆ ನಾರು ಬಿಸಿಲಿಗೆ ಒಣಗಿ ಕಬ್ಬಿಣದ ತಂತಿಯಾಗಿತ್ತು. ಎರಡು ಉಗುರು ಮುರಿದವು. ಕೊನೆಗೆ ಮಂಡಿಯೂರಿ ಹಲ್ಲು ಹಾಕಿದ. ಎದುರಿಗೆ ಗಾಡಿ ಹೊಡೆದುಕೊಂಡು ಬರುತ್ತಿದ್ದವನೊಬ್ಬ ನಿಲ್ಲಿಸಿ, "ಯಾಕ್ಸಾ, ಸೀಟ್ ಕಚ್ತಿದ್ದೀರಾ? ಬೆಳಗ್ಗೆ ಇಟ್ಟು ಉಂಡಿಲ್ವಾ?" ಎಂದ. ಜವಾಬು ಹೇಳುವ ಮೊದಲೇ ಹಿಂದಿನಿಂದ ಸಾಹೇಬರ ಜೀಪು ಬಂದು ನಿಂತಿತು.

ದಪ್ಪನೆಯ ಸಾಹೇಬರು ಮಾತಿಲ್ಲದೆ ಸೈಕಲ್ ಹತ್ತಿ ಕೆರೆ ಏರಿಯ ಕಡೆಗೆ ಹೋದರು. ಒಂದು ಸುತ್ತು ಬಂದರು, ನಿಲ್ಲಿಸದೆ ಎರಡನೇ ಸುತ್ತು ಹೋದರು. ಮೂರನೆಯದಕ್ಕೆ ಬೆಲ್ಲು ಹೊಡೆಯುತ್ತ ಬಂದರು. ಪಾಲಾಕ್ಷನಿಗೆ ಆ ಬೆಲ್ಲು ತನ್ನ ಎದೆಯ ಮೇಲೇ ಹೊಡೆದಂತಾಯಿತು.

"ಏನ್ರೀ ಪಾಲಾಕ್ಷ, ನನ್ ಸರ್ವೀಸಲ್ಲೇ ಇಷ್ಟು ಆರಾಮಾಗಿ ಕೂತಿಲ್ಲ ನಾನು. ಇದರ ಮೇಲಾ ನಿಮ್ಮ ಕಂಪ್ಲೇಂಟು?"

"ಸಾರ್, ಅದು ಸೀಟಲ್ಲ ಸಾರ್, ಸಿಂಬಿ!" ಪಾಲಾಕ್ಷ ಒಂದೂ ಬಿಡದೆ ಹೇಳಿಬಿಟ್ಟ. ಹರಳೆಣ್ಣೆ, ಬೋರಪ್ಪ, ಎಮ್ಮೆ, ಸುಬ್ಬಮ್ಮ, ಏಳು ಗಂಟು.

ಸಾಹೇಬರು ಡ್ರೈವರನ ಚಾಕು ಇಸಿದುಕೊಂಡು ಒಂದೇ ಏಟಿಗೆ ನಾರು ಕೊಯ್ದರು. ಬರಿಯ ಸೀಟಿನ ಮೇಲೆ ಕೂತರು. "ಅಯ್ಯಯ್ಯಪ್ಪ!" ಎಂದು ಅಷ್ಟೇ ಬೇಗ ಎದ್ದರು. ಖಾಕಿ ಪ್ಯಾಂಟಿನ ಹಿಂಭಾಗಕ್ಕೆ ಎಣ್ಣೆಬೂದಿ ಹತ್ತಿದ್ದು ಅವರಿಗೆ ಕಾಣಲಿಲ್ಲ, ಪಾಲಾಕ್ಷ ಹೇಳಲಿಲ್ಲ.

"ನೀವು ಹೇಳಿದ್ದು ನಿಜ ಕಣ್ರೀ. ಹಾಸನಕ್ಕೇ ಬನ್ನಿ" ಎಂದು ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಅಲ್ಲೇ ಆರ್ಡರ್ ಬರೆದು ರುಜು ಹಾಕಿದರು. ಪಾಲಾಕ್ಷ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಬೆತ್ತದ ಕುರ್ಚಿ ಕಣ್ಣ ಮುಂದೆ ಬಂತು. ಸಾಹೇಬರು ಸಿಂಬಿಯನ್ನು ಜೀಪಿನ ಸೀಟಿನ ಮೇಲೆ ಹಾಕಿಕೊಂಡು, "ಮಾದರಿಗೆ ಇರ್ಲಿ" ಎಂದು ಅದರ ಮೇಲೆ ಸುಖವಾಗಿ ಕೂತರು. ಅವನು "ಸಾರ್, ಅದು ಅಜ್ಜೀದು" ಎನ್ನುವಷ್ಟರಲ್ಲಿ ಜೀಪು ಧೂಳೆಬ್ಬಿಸಿ ಹೋಗಿತ್ತು.

ಧೂಳು ಇಳಿದ ಮೇಲೆ ಆರ್ಡರನ್ನು ಪೂರ್ತಿ ಓದಿದ. "ಪಾಲಾಕ್ಷ ಇವರನ್ನು ಹಾಸನಕ್ಕೆ ವರ್ಗಾಯಿಸಲಾಗಿದೆ. ಇವರು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳನ್ನು ಸುತ್ತಿ, ಸೈಕಲ್ ತುಳಿಯುವ ಸಮಸ್ತ ನೌಕರರಿಗೂ ಸಿಂಬಿಯ ಉಪಯೋಗವನ್ನು ತಿಳಿಸತಕ್ಕದ್ದು. ಪ್ರಯಾಣಕ್ಕೆ ಈಗಿರುವ ಸೈಕಲ್ಲನ್ನೇ ಬಳಸತಕ್ಕದ್ದು. ಸಿಂಬಿ ಮಂಜೂರಾಗಿ ಬರುವವರೆಗೆ ಬಾಯಿಮಾತಿನಲ್ಲೇ ತಿಳಿಸತಕ್ಕದ್ದು. ಅಲ್ಲಿಯವರೆಗೆ ಸರ್ಕಾರಿ ಸೀಟಿನ ಮೇಲೆ ಹೊರಗಿನ ಯಾವ ವಸ್ತುವನ್ನೂ ಕಟ್ಟಕೂಡದು."

ಪಾಲಾಕ್ಷ ಆಲದ ಬೇರಿನ ಮೇಲೆ ಬಹಳ ಹೊತ್ತು ಕೂತಿದ್ದ. ಒಂದು ತಾಲ್ಲೂಕಿನ ಮೂಲೆಯೊಂದೇ ಇದ್ದದ್ದು ಈಗ ನಾಲ್ಕು ತಾಲ್ಲೂಕಾಗಿತ್ತು. ಬಿಸಿಲು ಇಳಿದ ಮೇಲೆ ಬೇರೆ ದಾರಿಯಿಲ್ಲದೆ ಸೈಕಲ್ ಹತ್ತಿದ. ಎರಡನೇ ಮೈಲಿಗೆ ಕಾಲು ಹೋಯಿತು, ಮೂರನೆಯದಕ್ಕೆ ಕೈ ಹೋಯಿತು.

ಬಾವಿಗೆ ಈ ಕಡೆಯಿಂದ ಇಳಿಯುವ ಇಳಿಜಾರಿನ ತಲೆಗೆ ಬಂದಾಗ ದೂರದಲ್ಲಿ ಸುಬ್ಬಮ್ಮ ಕಾಣಿಸಿದಳು. ಕಂಕುಳಲ್ಲಿ ತುಂಬಿದ ಕೊಡ, ಬರಿಯ ತಲೆ. ಅವನು ತಿರುಗಿ ಓಡಿಬಿಡೋಣವೆಂದುಕೊಂಡ. ಹ್ಯಾಂಡಲ್ಲು ತಿರುಗಿಸಲು ಕೈ ಬರಲಿಲ್ಲ, ನೆಲಕ್ಕೆ ಕಾಲು ಊರಲು ಆಗಲಿಲ್ಲ. ಸೈಕಲ್ಲು ತಾನಾಗಿಯೇ ಉರುಳಿಕೊಂಡು ಹೋಗಿ, ಅವನನ್ನು ನೇರವಾಗಿ ಅವಳ ಮುಂದೆ ಕೆಡವಿತು.

ಸುಬ್ಬಮ್ಮ ಬರಿಯ ಸೀಟನ್ನು ನೋಡಿದಳು, ಅವನನ್ನು ನೋಡಿದಳು. ಕಾಲು ಮುರಿಯಿತೇ ಎಂದು ಈ ಸಲ ಕೇಳಲಿಲ್ಲ.

"ನಮ್ಮವ್ವನ ಸಿಂಬಿ ಎಲ್ಲಪ್ಪ?" ಎಂದಳು.