ಮುಚ್ಚಳ ತೆಗೆಯಬಾರದು!

ಬುಧವಾರ ರಾತ್ರಿ ಊಟದ ಹೊತ್ತಿಗೆ ಗುರುಶಾಂತ ಮಾಸ್ತರರು ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಎರಡನೇ ರೊಟ್ಟಿ ತಟ್ಟೆಗೆ ಬೀಳುವುದು ತುಸು ತಡವಾಯಿತೆಂದು, "ಅಡಿಗಿ ಮನ್ಯಾಗ ಅಂಥಾದ್ದೇನು ಕೆಲಸ ಇರ್ತದ?" ಅಂದುಬಿಟ್ಟರು.

ಹೆಂಡತಿ ವಿದ್ಯಾವತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ನಾಳೆ ನಾ ಹುಮನಾಬಾದಕ್ಕ ಅಪ್ಪನ ಮನಿಗೆ ಹೊಂಟೀನಿ. ರವಿವಾರ ನೀವೂ ಊಟಕ್ಕ ಬರ್ತೀರಲ್ಲ, ನಿಮ್ಮ ಕೈಯಾರೆ ಒಂದು ಸಿಹಿ ಮಾಡ್ಕೊಂಡು ಬರ್ರಿ. ಇನ್ನೊಬ್ಬರ ಕೈ ತಾಗಿರಬಾರ್ದು. ಆಗಲಿಲ್ಲಂದ್ರ ಇನ್ನ ಮ್ಯಾಲೆ ಎಲ್ಲಾ ರವಿವಾರದ ಅಡಿಗಿ ನಿಮ್ದು."

"ಮಾಡಿದ್ನಂದ್ರ?"

"ಈ ಮಾತು ಮತ್ತ ಎತ್ತಂಗಿಲ್ಲ."

ಆರು ದಿನ ಬಸವಕಲ್ಯಾಣದ ಶಾಲೆಯಲ್ಲಿ ಅರವತ್ತು ಹುಡುಗರಿಗೆ ಭಿನ್ನರಾಶಿ ಕಲಿಸಿ ಗಂಟಲು ಹರಿದುಕೊಳ್ಳುವ ಮನುಷ್ಯನಿಗೆ ಉಳಿದಿದ್ದು ರವಿವಾರ ಒಂದೇ. ಹತ್ತರವರೆಗೆ ನಿದ್ದೆ, ಆಮೇಲೆ ಪೇಪರು, ಊಟವಾದ ಮೇಲೆ ಮತ್ತೆ ನಿದ್ದೆ. ಅದಕ್ಕೇ ಕೈ ಹಾಕುವುದೆಂದರೇನು? ನೀವೇ ಹೇಳಿ, ನ್ಯಾಯವೇ ಇದು?

ಆದರೆ ಮಾಸ್ತರರ ಬಳಿ ಒಂದು ಉಪಾಯವಿತ್ತು. ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಶಾಲೆಯವರು ಕೊಟ್ಟಿದ್ದ ಸ್ಲೋ ಕುಕ್ಕರ್ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಕರೆಂಟಿನ ಮೇಲೆ ತಾಸುಗಟ್ಟಲೆ ಮೆಲ್ಲಗೆ ಬೇಯಿಸುವ ಪಾತ್ರೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಅದನ್ನೇ ಕೆಳಗಿಳಿಸಿದರು. ಕಪ್ಪು ಚುಕ್ಕೆ ಬಿದ್ದ ಅಗ್ಗದ ಬಾಳೆಹಣ್ಣು, ಹಣ್ಣಿನ ಬಂಡಿಯವನು ಬೇರೆ ತೆಗೆದಿಟ್ಟಿದ್ದ ಮೆತ್ತನೆಯ ಸೇಬು, ಬೆಲ್ಲ, ಏಲಕ್ಕಿ. ಹೆಚ್ಚಿ ಹಾಕಿ ಮುಚ್ಚಿದರೆ ಆರು ತಾಸಿಗೆ ಸಿಹಿ ತಯಾರು. ಷರತ್ತು ಒಂದೇ: ಮುಚ್ಚಳ ತೆಗೆಯಬಾರದು. ತೆಗೆದ ಪ್ರತಿ ಸಲಕ್ಕೂ ಅರ್ಧ ತಾಸು ಹೆಚ್ಚು.

ರವಿವಾರದ ನಿದ್ದೆ ಉಳಿಸಿಕೊಳ್ಳಲು ಮಾಸ್ತರರು ರವಿವಾರ ಐದಕ್ಕೇ ಎದ್ದರು. ಐದೂವರೆಗೆ ಕುಕ್ಕರಿನ ಕೆಂಪು ದೀಪ ಹೊತ್ತಿತು. ಹನ್ನೊಂದೂವರೆಗೆ ಸಿಹಿ, ಹನ್ನೆರಡೂವರೆಗೆ ಬಸ್ಸು. ಲೆಕ್ಕ ಪಕ್ಕಾ ಇತ್ತು.

ಏಳಕ್ಕೆ ಮಹಡಿಯ ಮೇಲಿನ ಸಂಗಮ್ಮ ಇಳಿದು ಬಂದರು. ಮನೆಯ ಮಾಲಕಿ, ಬಾಗಿಲು ಬಡಿಯುವ ರೂಢಿ ಅವರಿಗಿಲ್ಲ.

"ವಿದ್ಯಾ ಫೋನ್ ಮಾಡಿದ್ಳು ತಮ್ಮಾ, ಒಬ್ರ ಅದಾರ, ಒಂದೀಟು ನೋಡ್ರಿ ಅಂತ. ಏನ್ ಬೇಯಾಕತ್ತದ ಇದು? ಸೀಟಿ ಇಲ್ಲ, ಸಪ್ಪಳ ಇಲ್ಲ!" ಎನ್ನುತ್ತಲೇ ಮುಚ್ಚಳ ಎತ್ತಿದರು.

"ಅವ್ವಾ, ತೆಗೀಬ್ಯಾಡ್ರಿ!"

"ತೆಗೀದ ಹ್ಯಾಂಗ ನೋಡ್ಲಿ?"

ಸಂಗಮ್ಮ ಹೋದ ಮೇಲೆ ಮಾಸ್ತರರು ಕೆಂಪು ಶಾಯಿಯಲ್ಲಿ 'ಮುಚ್ಚಳ ತೆಗೆಯಬಾರದು' ಎಂದು ಬರೆದು ಮುಚ್ಚಳದ ಮೇಲೆಯೇ ಅಂಟಿಸಿದರು.

ಎಂಟಕ್ಕೆ ಎದುರು ಮನೆಯ ಮಡೆಪ್ಪ ಪೇಪರು ಕೇಳಿಕೊಂಡು ಬಂದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಕಂಡ ಅಕ್ಷರವನ್ನೆಲ್ಲ ಓದಲೇಬೇಕು. ಕನ್ನಡಕ ಮಾತ್ರ ಮನೆಯಲ್ಲಿ. ಹಾಗಾಗಿ ಮುಚ್ಚಳವನ್ನು ಕೈಗೆತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದರು: "ಮುಚ್ಚಳ... ತೆಗೆಯ... ಬಾರದು. ಖರೇ ಅದ. ಯಾಕ ತೆಗೀಬೇಕು?"

ಮಾಸ್ತರರು ಹಲ್ಲು ಕಚ್ಚಿ ಮುಚ್ಚಳ ಕಸಿದುಕೊಂಡು ಮುಚ್ಚಿದರು. ಎರಡು ಅರ್ಧ ಕೂಡಿದರೆ ಒಂದು. ಇನ್ನು ಹನ್ನೆರಡೂವರೆಗೇ ಸಿಹಿ, ಬಸ್ಸಿನ ಹೊತ್ತೂ ಅದೇ. ಬಿಸಿ ಪಾತ್ರೆಯನ್ನೇ ತಬ್ಬಿಕೊಂಡು ಓಡಿದರಾಯಿತು ಅಂದುಕೊಂಡು, ಮಡೆಪ್ಪನವರ ಕೈಗೆ ಪೇಪರು ಕೊಟ್ಟು ಸ್ನಾನಕ್ಕೆ ಹೋದರು. ಸ್ನಾನ, ಪೂಜೆ, ಇಸ್ತ್ರಿ ಎಲ್ಲ ಮುಗಿಸಿ ಹತ್ತೂವರೆಗೆ ಬಂದು ನೋಡಿದರೆ ಕೆಂಪು ದೀಪ ಆರಿದೆ. ಪಾತ್ರೆ ತಣ್ಣಗೆ ಕೂತಿದೆ. ಕುಕ್ಕರಿನ ವೈರು ನೆಲದ ಮೇಲಿದೆ. ಅದರ ಜಾಗದಲ್ಲಿ ಮಡೆಪ್ಪನವರ ಮೊಬೈಲು ಚಾರ್ಜ್ ಆಗುತ್ತಿದೆ. ಮಡೆಪ್ಪನವರು ಆರಾಮವಾಗಿ ಪೇಪರಿನ ಕೊನೆಯ ಪುಟದಲ್ಲಿದ್ದಾರೆ.

"ಮಡೆಪ್ಪಣ್ಣಾ! ಏನ್ರಿ ಮಾಡಿದ್ರಿ ಇದು!"

"ನನ್ನ ಫೋನು ನಾಕು ಪರ್ಸೆಂಟ್ ಇತ್ರಿ ಮಾಸ್ತರ. ಅದು ಅಲ್ಲಿ ಸುಮ್ಮ ಕುಂತಿತ್ತು. ಅಂಥಾದ್ದೇನು ಕೆಲಸ ಮಾಡಾಕತ್ತಿತ್ತು ಹೇಳ್ರಿ?"

ಈ ಮಾತನ್ನು ಎಲ್ಲೋ ಕೇಳಿದಂತಾಯಿತು ಮಾಸ್ತರರಿಗೆ. ಆದರೆ ಸಿಟ್ಟಿನ ಭರದಲ್ಲಿ ನೆನಪಾಗಲಿಲ್ಲ. ಅವರು ಕೂಗಾಡಿದ್ದು ಗಲ್ಲಿಗೆಲ್ಲ ಕೇಳಿ, ಪಕ್ಕದ ಮನೆಯ ಮುನ್ನಿ ಬೀ ಸೆರಗು ಸರಿಮಾಡಿಕೊಳ್ಳುತ್ತ ಓಡಿ ಬಂದರು. ಮದುವೆ ಮನೆಗಳಿಗೆ ಮೀಠಾ ತಿನಿಸು ಮಾಡಿಕೊಡುವ ಹೆಂಗಸು. ಪಾತ್ರೆಯೊಳಗಿನ ಅರೆಬೆಂದ ಹಣ್ಣು ನೋಡಿ ಅಲ್ಲಿಯೇ ತೋಳು ಏರಿಸಿದರು.

"ಗುಸ್ಸಾ ಬ್ಯಾಡ್ರಿ ಮಾಸ್ತರ್ ಸಾಬ್. ಇತ್ಲಾಗ ಕೊಡ್ರಿ," ಎಂದು ಪಾತ್ರೆ ಎತ್ತಿಕೊಂಡು ತಮ್ಮ ಅಡಿಗೆ ಮನೆಗೆ ನಡೆದರು. ಮಾಸ್ತರರು ಹಿಂದೆ ಓಡಿದರು.

"ಬ್ಯಾಡ ಖಾಲಾ, ಇನ್ನೊಬ್ಬರ ಕೈ ತಾಗಬಾರ್ದು. ಚಮಚಾನರ ನಾ ತಿರುವ್ತೀನಿ."

"ದೂರ ನಿಂದರ್ರಿ. ಅಂಗಿಗೆ ತುಪ್ಪ ಸಿಡೀತದ."

ಮಾಸ್ತರರು ದೂರ ನಿಂತರು. ಮುನ್ನಿ ಬೀ ಅವರ ಒಲೆಯ ಮೇಲೆ ತುಪ್ಪ ಬಿತ್ತು, ಖರ್ಜೂರ ಬಿತ್ತು, ಮುಷ್ಟಿ ಖೋವಾ ಬಿತ್ತು. ಮುಕ್ಕಾಲು ತಾಸಿನಲ್ಲಿ ಹಣ್ಣೆಲ್ಲ ಕೆಂಪಗೆ ಕರಗಿ, ಗಲ್ಲಿಯ ಮಂದಿ ಬಾಗಿಲಿಗೆ ಬಂದು ನಿಲ್ಲುವಂಥ ವಾಸನೆ ಎದ್ದಿತು. ಅದನ್ನು ತಮ್ಮ ಸ್ಟೀಲ್ ಡಬ್ಬಿಗೆ ತುಂಬಿ, ಬಟ್ಟೆ ಕಟ್ಟಿ, ಮಾಸ್ತರರ ಕೈಗಿಟ್ಟರು. ಹನ್ನೆರಡೂವರೆಯ ಬಸ್ಸು ಸಿಕ್ಕಿತು.

ಹುಮನಾಬಾದದಲ್ಲಿ ಮಾವ ಮಹಾರುದ್ರಪ್ಪನವರು ಮೊದಲ ಬಟ್ಟಲು ತಿಂದು ಕಣ್ಣು ಮುಚ್ಚಿದರು. ಮೂರನೆಯದಕ್ಕೆ ತೆರೆದರು.

"ಅಳಿಯಂದ್ರ, ಖರೇ ಹೇಳ್ರಿ. ಇದು ನೀವ ಮಾಡಿದ್ದಾ?"

ಪಂಕ್ತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಾಸ್ತರರು ಎದೆಯುಬ್ಬಿಸಿ, "ಹೌದ್ರಿ ಮಾವಾರ. ನಾನ. ಹೆಚ್ಚಿ ಹಾಕಿ ಮುಚ್ಚಿದ್ರ ಮುಗೀತು, ಅಂಥಾದ್ದೇನಿಲ್ಲ" ಎಂದರು.

"ಶಾಭಾಸ್! ಇಂಥಾ ಕೈಗುಣ ಇಷ್ಟು ವರ್ಷ ಮುಚ್ಚಿ ಇಟ್ಟಿದ್ರಿ? ಬರೋ ರವಿವಾರ ನಾವೆಲ್ಲ ಕಲ್ಯಾಣಕ್ಕ ಬರ್ತೀವಿ. ಹದಿನಾಕು ಮಂದಿ. ರೊಟ್ಟಿಯಿಂದ ಹಿಡಿದು ಸಿಹಿತನಾ ಎಲ್ಲಾ ನಿಮ್ಮ ಕೈಯಾಗಿಂದ ಆಗ್ಬೇಕು!"

ಮಾಸ್ತರರು ಕಾಪಾಡು ಎಂಬಂತೆ ಹೆಂಡತಿಯ ಕಡೆ ನೋಡಿದರು. ವಿದ್ಯಾವತಿ ಡಬ್ಬಿ ತೊಳೆದು, ಒರೆಸುತ್ತ, ಹತ್ತಿರ ಬಂದು ಕೂತರು. ಡಬ್ಬಿಯನ್ನು ಬೋರಲು ಹಾಕಿ ಗಂಡನ ತೊಡೆಯ ಮೇಲಿಟ್ಟರು. ಪಾತ್ರೆ ಅಂಗಡಿಯವನು ಮಷೀನಿನಿಂದ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು ಅದರ ತಳದಲ್ಲಿ ಹೊಳೆಯುತ್ತಿತ್ತು: 'ಮುನ್ನಿ ಬೀ'.

"ಈಗ ಅಪ್ಪಗ ಹೇಳ್ತೀರೋ, ನಾ ಹೇಳ್ಲೋ?" ವಿದ್ಯಾವತಿ ಮೆಲ್ಲಗೆ ಕೇಳಿದರು. "ನೀವ ಮಾಡಿದ್ದಂದ್ರ ಬರೋ ರವಿವಾರ ಹದಿನಾಕು ಮಂದಿ. ಮುನ್ನಿ ಬೀ ಮಾಡಿದ್ದಂದ್ರ ಎಲ್ಲಾ ರವಿವಾರ."

ಇದೆಂಥ ಅನ್ಯಾಯ! ಐದಕ್ಕೆ ಎದ್ದವರು ಯಾರು? ಹಣ್ಣು ಹೆಚ್ಚಿದವರು ಯಾರು? ಎಲ್ಲರನ್ನೂ ತರಾಟೆಗೆ ತೆಗೆದುಕೊಳ್ಳಬೇಕೆಂದು ಮಾಸ್ತರರು ಬಾಯಿ ತೆರೆದರು. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಶೇಷ ಸರಿಯಾಗಿ ಬರಲಿಲ್ಲ.

"ನಾನ ಮಾಡೀನಿ" ಎಂದರು.

"ಛಲೋ ಆತು. ಮತ್ತ ಈ ಡಬ್ಬಿ ಖಾಲಿ ತಿರುಗಿ ಕೊಡಬಾರ್ದು. ಮುನ್ನಿ ಬೀಗೂ ಅವತ್ತ ನಿಮ್ಮ ಕೈಯಾರೆ ಮಾಡಿದ್ದು ತುಂಬಿ ಕೊಡ್ರಿ. ಪಾಪ, ಎಷ್ಟು ತ್ರಾಸ ತಗೊಂಡಾರ."

ಸಂಜೆಯ ಬಸ್ಸು ಬಸವಕಲ್ಯಾಣದ ಹಾದಿ ಹಿಡಿಯಿತು. ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಖ ಊದಿಸಿ ಕೂತಿದ್ದರು ಮಾಸ್ತರರು. ಅರ್ಧ ದಾರಿಯಲ್ಲಿ, ಕಿಟಕಿಯ ಕಡೆಗೇ ನೋಡುತ್ತ, ಪಕ್ಕದಲ್ಲಿದ್ದ ಹೆಂಡತಿಯನ್ನು ಸಿಟ್ಟಿನಿಂದಲೇ ಕೇಳಿದರು:

"ರೊಟ್ಟಿ ಹಿಟ್ಟು ನಾದೂದು ಬಿಸಿನೀರಾಗೇನು, ತಣ್ಣೀರಾಗೇನು?"