ಕೇರೆ ಹಾವಿನ ನೆಗಡಿ

ಹುಬ್ಬಳ್ಳಿಯಲ್ಲಿ ಹಾವಿನ ಮೂಗು ಒರೆಸಿದ ಏಕೈಕ ಗೃಹಸ್ಥ ನನ್ನ ಸೋದರಮಾವ. ಉತ್ಪ್ರೇಕ್ಷೆಯಲ್ಲ, ಕರವಸ್ತ್ರ ಕೊಟ್ಟವನು ನಾನೇ!

ತೊಂಬತ್ತರ ದಶಕದ ಮಾತು. ಗಬ್ಬೂರ ಬೈಪಾಸಿನಲ್ಲಿ ಲಾರಿಗೆ ಸಿಕ್ಕು ಬಾಲ ಜಜ್ಜಿಕೊಂಡಿದ್ದ ಕೇರೆ ಹಾವನ್ನು ಮಾವ ಚೀಲದಲ್ಲಿ ಹಾಕಿಕೊಂಡು ಬಂದ. "ಗಾಯ ಮಾಯೂತನಕ ಅಷ್ಟ" ಎಂದಿದ್ದ. ಗಾಯ ಮಾಯ್ದು ಎರಡು ವರ್ಷವಾದರೂ ಅದು ಪಡಸಾಲೆಯ ಪೆಟ್ಟಿಗೆ ಬಿಡಲಿಲ್ಲ. ವಿಷವಿಲ್ಲದ್ದೇನೋ ಸರಿ, ಬಾಡಿಗೆಯೂ ಇಲ್ಲದ ಬಾಡಿಗೆದಾರ!

ಆ ಶ್ರಾವಣದಲ್ಲಿ, ಪಂಚಮಿ ಮುಗಿದ ವಾರಕ್ಕೆ, ಹಾವು ಇಲಿ ಮುಟ್ಟದಾಯಿತು. ಬಾಯಿ ಅರೆತೆರೆದು ತಲೆ ಮೇಲೆತ್ತಿಕೊಂಡೇ ಇತ್ತು. ಮೂಗಿನ ತುದಿಯಲ್ಲಿ ಗುಳ್ಳೆ, ಉಸಿರಿಗೊಮ್ಮೆ ಸಿಳ್ಳೆ. "ಸಿಟ್ಟು ಮಾಡ್ಕೊಂಡೈತಿ" ಎಂದ ಮಾವ, ನನ್ನ ಕರವಸ್ತ್ರದಿಂದ ಅದರ ಮೂಗು ಒರೆಸುತ್ತ. ಸಿಟ್ಟಿಗೆ ಗುಳ್ಳೆ ಬರುತ್ತದೆಯೇ? ಮರುದಿನ ಮಫ್ಲರ್ ತಂದ. ಹಾವಿನ ಕುತ್ತಿಗೆ ಎಲ್ಲಿ ಮುಗಿಯುತ್ತದೆಂದು ತಿಳಿಯದೆ ಸೋತ.

ಮೂರನೆಯ ದಿನ ಮಾವನೂ ಊಟ ಬಿಟ್ಟ. "ಇದು ಸತ್ತರ ನಾ ಈ ಪಡಸಾಲ್ಯಾಗ ಹೆಂಗ ಕೂಡಲೋ?" ಎಂದ. ಪೆಟ್ಟಿಗೆ ಎತ್ತಿಕೊಂಡು, ಅತ್ತೆಯನ್ನೂ ಕರೆದುಕೊಂಡು, ಧಾರವಾಡದ ದನದ ಡಾಕ್ಟರರ ಬಳಿಗೆ ಓಡಿದೆವು.

ಹಳೆಯ ಕಬ್ಬಿಣ ಮಾರಿ ಅಂಗಡಿ ಕಟ್ಟಿದವನು ನಾನು, ಚೌಕಾಸಿ ಬಿಡುವುದುಂಟೆ? "ಕಾಲ ಇಲ್ಲದ ಪ್ರಾಣಿರಿ, ಅರ್ಧ ಫೀಸ್ ತಗೋರಿ" ಎಂದೆ.

"ಉದ್ದ ನೋಡ್ರಿ, ಎರಡು ಪಟ್ಟು ಕೊಡ್ರಿ" ಎಂದರು ಡಾಕ್ಟರು.

ಅವರು ಹೇಳಿದ್ದನ್ನು ನೀವೂ ಬರೆದಿಟ್ಟುಕೊಳ್ಳಿ. ಗುಳ್ಳೆ, ಸಿಳ್ಳೆ, ತೆರೆದ ಬಾಯಿ ಕಂಡರೆ ಅದು ಸಿಟ್ಟಲ್ಲ, ಶ್ವಾಸಕೋಶದ ಸೋಂಕು. ಮನೆಮದ್ದು ಬೇಡ. ತೂಕ ನೋಡಿಯೇ ಸೂಜಿ, ಅದೂ ಮುಂದಿನ ಅರ್ಧ ಮೈಗೆ. ಪೆಟ್ಟಿಗೆ ಒಣಗಿರಲಿ, ಒಂದು ಬದಿಗೆ ಬಲ್ಬಿನ ಶಾಖವಿರಲಿ.

"ಹಾಲು ಹಾಕೀರೇನು? ಬಲವಂತ ಮಾಡಿದರ ಉಸಿರಿನ ಕೊಳವಿಗೆ ಇಳಿತೈತಿ."

"ನಾವು ಅಂಥಾ ಮಂದಿ ಅಲ್ರಿ" ಎಂದ ಮಾವ, ಜಂಬದಿಂದ. ಅತ್ತೆ ನೆಲ ನೋಡಿದಳು.

ಮನೆಗೆ ಬಂದ ಮೇಲೆ ಅವಳು ಟ್ರಂಕಿನಿಂದ ಬೆಳ್ಳಿಯ ಒಳಲೆ ತೆಗೆದಳು, ಎಳೆಕೂಸಿಗೆ ಹಾಲು ಕುಡಿಸುವಂಥದ್ದು. "ಪಂಚಮಿ ದಿವಸ ಇದರಾಗ ಹಾಕಿದ್ನಿ. ಬಾಯಿ ತೆರೀಲಿಲ್ಲ. ನಾನ ಅಗಲಿಸಿದ್ನಿ."

ಮಾವ ಕೂಗಾಡುತ್ತಾನೆ ಎಂದುಕೊಂಡೆ. ಅಭ್ಯಾಸಬಲದಿಂದ ನಾನು ಒಳಲೆಯನ್ನು ಅಂಗೈಯಲ್ಲಿಟ್ಟು ತೂಗಿದೆ.

"ಮಾರೂದಲ್ಲಪಾ ಅದು" ಎಂದ ಮಾವ, ಮೆತ್ತಗೆ. "ಮದವ್ಯಾದ ವರ್ಷ ತಂದಿಟ್ಟಿದ್ವಿ. ಮಕ್ಕಳಾಗಲಿಲ್ಲ." ಆಮೇಲೆ ಅತ್ತೆಗೆ ಬಲ್ಬಿನ ಸ್ವಿಚ್ಚು ತೋರಿಸಿದ. "ಶಾಖದ ಕೆಲಸ ಇನ್ನ ನಿಂದು."

ಎರಡು ವಾರ ಸೂಜಿ ನಡೆಯಿತು. ಒಂದು ಮಧ್ಯಾಹ್ನ ಹೋದರೆ ಸಿಳ್ಳೆಯಿಲ್ಲ, ಗುಳ್ಳೆಯಿಲ್ಲ, ಬಾಯಿ ಮುಚ್ಚಿದೆ. ಹಿಂದಿನ ದಿನ ಇಲಿಯನ್ನೂ ನುಂಗಿತ್ತೆಂದ ಮಾವ. ಗೆದ್ದೆವು ಎಂದು ಕೂಗಲು ಹೊರಟೆ. ಪೆಟ್ಟಿಗೆಯ ಪಕ್ಕ ಕೂತಿದ್ದ ಅತ್ತೆ ತುಟಿಗೆ ಬೆರಳಿಟ್ಟಳು.

"ಈಗಷ್ಟ ಮಲಗೈತಿ."

ಹಾವಿಗೆ ರೆಪ್ಪೆಯೇ ಇಲ್ಲ, ಮಲಗಿದ್ದು ನಿನಗೆ ಹೇಗೆ ತಿಳಿಯಿತು ಎಂದು ಕೇಳಬಹುದಿತ್ತು. ಮಾವನೂ ನಾನೂ ಹೊಸ್ತಿಲಾಚೆಯ ಚಪ್ಪಲಿಗಳನ್ನು ಕೈಯಲ್ಲಿ ಎತ್ತಿಕೊಂಡು, ಸದ್ದಾಗದಂತೆ ಬೀದಿಗಿಳಿದೆವು.