ಮಾತ್ರೆಯೂ ಬಿಡಬಾರದು, ಹೊಟ್ಟೆಯೂ ಬರಬಾರದು

"ಅಂಗಿ ಗುಂಡಿ ಹಾಕ್ಕೊಳ್ಳಿ. ಜನ ಬರ್ತಾರೆ."

ನನ್ನ ಹೆಂಡತಿ ನನಗೆ ಹೇಳಿದ ಕೊನೆ ಮಾತು ಇದು. ಆಸ್ಪತ್ರೆ ಮಂಚದ ಮೇಲೆ ಮಲಗಿದ್ದಳು. ನಾನು ಮಿಲ್‌ನಿಂದ ಹಾಗೇ ಓಡಿ ಬಂದಿದ್ದೆ. ಮೈಯೆಲ್ಲ ಹಿಟ್ಟು. ಗುಂಡಿ ಹಾಕ್ಕೊಂಡೆ. ಜನ ಬಂದರು. ಅಷ್ಟರಲ್ಲಿ ಅವಳು ಇರಲಿಲ್ಲ.

ಎರಡು ವರ್ಷ ಆದ ಮೇಲೆ ಅದೇ ಅಂಗಿ ತೆಗೆದು ಹಾಕ್ಕೊಂಡೆ. ಗುಂಡಿಗೂ ಕಾಜಾಕ್ಕೂ ಮಧ್ಯೆ ನಾಲ್ಕು ಬೆರಳು ಜಾಗ.

ದುಃಖದಲ್ಲಿ ಜನ ಸೊರಗುತ್ತಾರೆ. ನಾನು ಊದಿದೆ. ನನಗೆ ಯಾವಾಗಲೂ ಹೀಗೇ. ಒಂದು ಮಾಡಲು ಹೋದರೆ ಇನ್ನೊಂದು ಆಗಿ ಕೂತಿರುತ್ತದೆ. ನಾನು ಓದಿದವನಲ್ಲ, ನಾಲ್ಕನೇ ಕ್ಲಾಸು. ನಿಧಾನಕ್ಕೆ ಬರೀತೀನಿ. ನೀವೂ ನಿಧಾನಕ್ಕೆ ಓದಿ.

೧. ತೂಕದ ಮೇಲಿನ ಮೂಟೆ

ಚಿಕ್ಕಲಸಂದ್ರದಲ್ಲಿ ನನ್ನದು ಹಿಟ್ಟಿನ ಮಿಲ್. ಅವಳು ಹೋದ ಮೇಲೆ ನಿದ್ದೆ ಹೋಯ್ತು. ಒಂದು ದಿನ ಕಾಳು ಹಾಕದೆ ಮಿಲ್ ಓಡಿಸಿಬಿಟ್ಟೆ. ಕಲ್ಲಿಗೆ ಕಲ್ಲು ಉಜ್ಜಿ ಕಿಡಿ ಹಾರಿತು. ನಾನು ನೋಡ್ತಾ ಕೂತಿದ್ದೆ. ಏಳಬೇಕು ಅಂತ ಅನ್ನಿಸಲೇ ಇಲ್ಲ. ಬಾಮೈದ ಆಟೋ ಓಡಿಸ್ತಾನೆ. ಅವನು ಬಂದು ಸ್ವಿಚ್ ಆರಿಸಿ, ನನ್ನನ್ನ ಆಟೋದಲ್ಲಿ ಹಾಕ್ಕೊಂಡು ಜೆ.ಪಿ. ನಗರಕ್ಕೆ ಹೋದ. ಅಲ್ಲಿ ಒಬ್ಬ ಡಾಕ್ಟರಮ್ಮ. ಮನಸ್ಸಿನ ಡಾಕ್ಟರು.

ಮೊದಲು ಕೊಟ್ಟ ಎರಡು ಮಾತ್ರೆ ಹತ್ತಲಿಲ್ಲ. ಮೂರನೆಯದು ಹತ್ತಿತು. ನಿದ್ದೆ ಬಂತು. ಮಿಲ್‌ಗೆ ಹೋದೆ. ನಿದ್ದೆಯ ಹಿಂದೆಯೇ ಹಸಿವೂ ಬಂತು. ಎಂಥ ಹಸಿವು ಅಂದ್ರೆ, ಉಂಡು ಕೈ ತೊಳೆಯುವಾಗಲೇ ಮುಂದಿನ ಊಟದ ಯೋಚನೆ.

ಡಾಕ್ಟರಮ್ಮ ಒಂದು ದಿನ ನನ್ನನ್ನ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ನೋಡಿ ನನ್ನ ಮುಖ ನೋಡಿದರು.

"ನಿಮ್ಮ ಯಂತ್ರ ಸರಿಯಿಲ್ಲ ಮೇಡಂ" ಅಂದೆ.

"ಎಲ್ಲರೂ ಅದನ್ನೇ ಹೇಳ್ತಾರೆ. ತೂಕ ಇಳಿಸಿ. ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ. ಹೀಗೇ ಏರಿದ್ರೆ ಈ ಮಾತ್ರೆ ಬದಲಾಯಿಸ್ಬೇಕಾಗುತ್ತೆ. ಆದ್ರೆ ನೀವಾಗಿ ನೀವೇ ನಿಲ್ಲಿಸ್ಬೇಡಿ."

ಹತ್ತಿದ್ದು ಇದೊಂದೇ ಮಾತ್ರೆ. ಇದೂ ಹೋದರೆ ಮತ್ತೆ ಆ ಕಿಡಿ ನೋಡ್ತಾ ಕೂರಬೇಕು.

ಆದರೂ ಆ ಯಂತ್ರದ ಮೇಲೆ ನಂಬಿಕೆ ಬರಲಿಲ್ಲ. ಮಾರನೇ ದಿನ ಮಿಲ್‌ನಲ್ಲಿ ಯಾರೂ ಇಲ್ಲದಾಗ ನನ್ನದೇ ತೂಕದ ಹಲಗೆ ಹತ್ತಿದೆ. ನಿಂತರೆ ಮುಳ್ಳು ಕಾಣಲ್ಲ, ಹೊಟ್ಟೆ ಅಡ್ಡ. ಮಂಡಿ ಮಡಚಿ, ತಲೆ ಬಗ್ಗಿಸಿ ಕೂತೆ. ತಲೆ ಮೇಲೆ ಗೋಣಿಚೀಲದ ಕೊಪ್ಪೆ, ಮೈಯೆಲ್ಲ ಹಿಟ್ಟು.

ಒಬ್ಬ ಹೆಂಗಸು ಗೋಧಿ ಡಬ್ಬ ಹಿಡಿದು ಬಂದಳು. "ಅಣ್ಣಾ, ಎಲ್ಲಿದೀರಾ? ಯಾರೋ ಮೂಟೆ ತೂಕದ ಮೇಲೇ ಬಿಟ್ಟು ಹೋಗಿದಾರೆ!" ಅಂತ ಕೂಗಿ, ಡಬ್ಬವನ್ನ ನನ್ನ ಬೆನ್ನ ಮೇಲೆ ಇಟ್ಟಳು.

"ಅಮ್ಮಾ" ಅಂದೆ.

ಮೂಟೆ ಮಾತಾಡಿತು. ಆಕೆ ಕಿರುಚಿದ್ದು ಉತ್ತರಹಳ್ಳಿ ತನಕ ಕೇಳಿಸಿರಬೇಕು. ನೆಲದ ತುಂಬ ಗೋಧಿ. ಇಬ್ಬರೂ ಕೂತು ಬಾಚಿದೆವು. ಆಮೇಲೆ ಆಕೆ ಸುಧಾರಿಸಿಕೊಂಡು ಕೇಳಿದಳು, "ಎಷ್ಟು ಬಂತು ಅಣ್ಣಾ ತೂಕ?"

ಹೇಳಿದೆ.

"ಗೋಧಿ ಡಬ್ಬ ಸೇರಿಸೀನಾ?"

"ಇಲ್ಲಮ್ಮ. ಡಬ್ಬ ಬಿದ್ದ ಮೇಲೆ."

ಮತ್ತೆ ಕಿರುಚಿದಳು.

೨. ನಗುವ ಕ್ಲಬ್ಬು

ವಾಕಿಂಗ್ ಹೋಗಿ ಅಂದರು ಡಾಕ್ಟರಮ್ಮ. ಬನಶಂಕರಿ ಕಡೆ ಒಂದು ಪಾರ್ಕಿಗೆ ಹೋದೆ. ಆಗ ಎಲ್ಲ ಪಾರ್ಕಿನಲ್ಲೂ ನಗುವ ಕ್ಲಬ್ಬು. ವಯಸ್ಸಾದವರು ಸಾಲಾಗಿ ನಿಂತು ಕೈ ಮೇಲೆತ್ತಿ ಹೋ ಹೋ ಅಂತ ನಗೋದು. ಇಲ್ಲಿ ನಗಿಸುವವರು ಒಬ್ಬ ರಿಟೈರ್ಡ್ ಆಫೀಸರು. ಬಿಳೀ ಬೂಟು, ಕೊರಳಲ್ಲಿ ಸೀಟಿ.

"ಬನ್ನಿ ಸಾರ್, ನಿಂತ್ಕೊಳ್ಳಿ. ನನ್ನ ಕ್ಲಬ್ಬಿಗೆ ಬಂದೋರು ಮಾತ್ರೆ ಎಲ್ಲಾ ಮೋರಿಗೆ ಎಸೆದಿದಾರೆ. ನೀವೇನಾದ್ರೂ ಮಾತ್ರೆ ತಗೊಳ್ತೀರಾ?"

"ಗ್ಯಾಸಿಗೆ" ಅಂದೆ.

ಸೀಟಿ ಊದಿದರು. ಎಲ್ಲರೂ ನಕ್ಕರು. ನನಗೆ ಬರಲಿಲ್ಲ. ಹತ್ತಿರ ಬಂದು, "ಹೊಟ್ಟೆಯಿಂದ ಬರ್ಲಿ ಸಾರ್! ಹೊಟ್ಟೆಗೇನು ಬರಾನಾ ನಿಮಗೆ?" ಅಂದರು.

ಬಾಯಿ ತೆರೆದೆ. ಒಳಗಿಂದ ಏನೋ ಕಿತ್ತುಕೊಂಡು ಬಂತು. ಅವಳನ್ನ ಮಣ್ಣು ಮಾಡಿದ ದಿನವೂ ನನ್ನ ಗಂಟಲಿಂದ ಆ ಸದ್ದು ಬಂದಿರಲಿಲ್ಲ. ಭುಜ ಕುಣಿಯಿತು. ಕಣ್ಣಲ್ಲಿ ನೀರು ಧಾರೆ. ಹುಲ್ಲಿನ ಮೇಲೆ ಮಂಡಿ ಊರಿ ಕೂತು ಅತ್ತೆ.

ಆಫೀಸರು ಜೋರಾಗಿ ಸೀಟಿ ಊದಿದರು. "ನಿಲ್ಸಿ ಎಲ್ಲಾ! ನೋಡಿ ಇಲ್ಲಿ! ಇದು ನಗು ಅಂದ್ರೆ! ಕಣ್ಣಲ್ಲಿ ನೀರು ಬಂದಿದೆ ನೋಡ್ರೀ! ವರ್ಷಗಟ್ಟಲೆಯಿಂದ ಬರ್ತಿದೀರ, ನಿಮ್ಮಲ್ಲಿ ಒಬ್ಬರಿಗಾದ್ರೂ ಹೀಗೆ ಬಂದಿದೆಯಾ?"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಗಾಬರಿಯಾಗಿ ಅಳು ನಿಲ್ಲಿಸಿದೆ. ಮಾರನೇ ದಿನ ನನ್ನನ್ನ ಮುಂದಿನ ಸಾಲಿಗೆ ಏರಿಸಿದರು.

ತೂಕ ಇಳಿಯಲಿಲ್ಲ. ಅತ್ತು ಮನೆಗೆ ಬಂದರೆ ಹಸಿವು ಇನ್ನೂ ಜಾಸ್ತಿ.

೩. ಮನೆಯವರನ್ನ ಕರ್ಕೊಂಡು ಬಂದೆ

ಒಂದು ದಿನ ಪಾರ್ಕಿನಲ್ಲಿ ಬಗ್ಗಿದಾಗ ಜೇಬಿನಿಂದ ಮಾತ್ರೆ ಪಟ್ಟಿ ಬಿತ್ತು. ಆಫೀಸರು ಎತ್ತಿಕೊಂಡರು. ನೋಡಿದ ತಕ್ಷಣ ಅದರ ಹೆಸರು ಹೇಳಿದರು.

"ಇದು ಗ್ಯಾಸಿಂದಲ್ಲ ರೀ! ನೀವು ದಪ್ಪ ಆಗಿರೋದೇ ಇದರಿಂದ. ಬಿಸಾಕಿ. ಮನಸ್ಸು ಗಟ್ಟಿ ಮಾಡ್ಕೊಳ್ಳಿ ಸಾಕು."

ಓದಿದವರು. ಆಫೀಸರು. ಬಿಸಾಕೋಣ ಅನ್ನಿಸಿತು. ಬಿಟ್ಟರೆ ಹಸಿವು ಹೋಗುತ್ತದೆ, ಹೊಟ್ಟೆ ಹೋಗುತ್ತದೆ. ನಿದ್ದೆಯೂ ಹೋದರೆ? ಒಂದು ಮಾತು ಕೇಳಿಯೇ ಬಿಡೋಣ ಅಂತ ಜೆ.ಪಿ. ನಗರಕ್ಕೆ ಹೋದೆ.

ಡಾಕ್ಟರಮ್ಮನ ರೂಮಿನ ಹೊರಗೆ ಮೂಲೆಯಲ್ಲಿ ಒಬ್ಬರು ಪೇಪರ್ ಓದ್ತಾ ಕೂತಿದ್ದರು. ಪೇಪರ್ ಮುಖಕ್ಕೆ ಅಂಟಿಕೊಂಡ ಹಾಗಿತ್ತು. ಕೆಳಗೆ ನೋಡಿದೆ. ಬಿಳೀ ಬೂಟು.

"ನಮಸ್ಕಾರ ಸಾರ್" ಅಂದೆ.

ಪೇಪರ್ ಮೆಲ್ಲಗೆ ಇಳಿಯಿತು. ನನಗೆ ಆದ ಆಘಾತಕ್ಕಿಂತ ಅವರಿಗೆ ಜಾಸ್ತಿ ಆಗಿತ್ತು.

"ಓ! ನೀವಾ! ನಾನು... ಮನೆಯವರನ್ನ ಕರ್ಕೊಂಡು ಬಂದೆ."

ಸುತ್ತ ನೋಡಿದೆ. ಅಲ್ಲಿ ಇದ್ದದ್ದು ಅವರು, ನಾನು, ಒಂದು ಕ್ಯಾಲೆಂಡರು.

"ಎಲ್ಲಿದಾರೆ ಸಾರ್?"

"ಮನೇಲಿ" ಅಂದರು.

ಪಕ್ಕದ ಕುರ್ಚಿಯಲ್ಲಿ ಕೂತೆ. ಅವರೇ ಮೆಲ್ಲಗೆ, "ನಿಮಗೂ ಹಸಿವು ಜಾಸ್ತಿನಾ?" ಅಂದರು.

"ಹೌದು ಸಾರ್."

"ನನಗೆ ಒಂಬತ್ತು ವರ್ಷದಿಂದ. ಬಿಡ್ಬೇಡಿ. ನಾನೊಂದು ಸಲ ಬಿಟ್ಟು ನೋಡಿ, ಬೇಡಪ್ಪಾ ಅನ್ನಿಸ್ತು." ಆಮೇಲೆ ಪೇಪರ್ ಮಡಚಿ, "ಕ್ಲಬ್ಬಿನಲ್ಲಿ ಹೇಳ್ಬೇಡಿ" ಅಂದರು.

"ನೀವೂ ಹೇಳ್ಬೇಡಿ ಸಾರ್."

ಅಷ್ಟರಲ್ಲಿ ಒಳಗಿಂದ ನರ್ಸಮ್ಮ ಫೋನ್ ಇಟ್ಟು ಬಂದು ಕೂಗಿದಳು: "ಸಾರ್, ನಿಮ್ಮ ಮನೆಯವರು ಫೋನ್ ಮಾಡಿದ್ರು. ಬರೋವಾಗ ಮೊಸರು ತರ್ಬೇಕಂತೆ."

೪. ಖಾಲಿ ಡಬ್ಬಿ

ಅವತ್ತು ಡಾಕ್ಟರಮ್ಮ ಮತ್ತೆ ತೂಕ ನೋಡಿದರು. ಇನ್ನೂ ಏರಿತ್ತು.

"ದಿನಾ ನಡೀತೀರಾ?"

"ನಡೀತೀನಿ ಮೇಡಂ."

"ಏನು ತಿಂತೀರಾ?"

"ಬೆಳಗ್ಗೆ ಹೋಟೆಲ್ ಇಡ್ಲಿ. ಮಧ್ಯಾಹ್ನ ಹೋಟೆಲ್ ಊಟ."

"ರಾತ್ರಿ?"

"ಡಬ್ಬಿ."

"ಏನು ಡಬ್ಬಿ?"

ಹೇಳಿದೆ. ನಾನಿರುವ ಬಾಡಿಗೆ ಮನೆ ಮಹಡಿ ಮೇಲೆ. ಪಕ್ಕದ ಭಾಗದಲ್ಲಿ ಧಾರವಾಡ ಕಡೆಯ ಗಂಡ ಹೆಂಡತಿ. ನನ್ನವಳು ಹೋದ ಮೇಲೆ ಆ ಅಕ್ಕ ಒಂದು ದಿನ ಸ್ಟೀಲ್ ಡಬ್ಬಿ ತುಂಬ ಜೋಳದ ರೊಟ್ಟಿ, ಎಣ್ಣೆಗಾಯಿ ಕೊಟ್ಟಳು. ಡಬ್ಬಿ ವಾಪಸ್ ಕೊಡಬೇಕು. ಖಾಲಿ ಕೊಡೋ ಹಾಗಿಲ್ಲ. ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ನನಗೆ ಅಡುಗೆ ಬರಲ್ಲ. ಇರೋದು ಹಿಟ್ಟು. ಜೋಳದ ಹಿಟ್ಟು ತುಂಬಿ ಕೊಟ್ಟೆ. ಅದು ರೊಟ್ಟಿಯಾಗಿ ವಾಪಸ್ ಬಂತು. ಗೋಧಿ ಹಿಟ್ಟು ತುಂಬಿದೆ. ಚಪಾತಿ ಬಂತು. ಕಡಲೆ ಹಿಟ್ಟು ತುಂಬಿದೆ. ಲಾಡು ಬಂತು, ಮುಚ್ಚಳ ಮುಚ್ಚದಷ್ಟು. ಎರಡು ವರ್ಷದಿಂದ ಇದೇ ನಡೀತಿದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಡಬ್ಬಿ ನಿಲ್ಲಿಸಿ. ಮಾತ್ರೆ ಉಳಿಸ್ಕೊಳ್ಳೋಣ."

ಧೈರ್ಯ ಮಾಡಿ ಪಕ್ಕದ ಮನೆ ಬಾಗಿಲಿಗೆ ಹೋದೆ. "ಅಕ್ಕಾ, ಒಂದು ಮಾತು. ನಾನು ತಲೆಗೆ ಮಾತ್ರೆ ತಗೊಳ್ತೀನಿ. ಅದಕ್ಕೆ ಹಸಿವು ಜಾಸ್ತಿ. ತೂಕ ಏರಿದ್ರೆ ಮಾತ್ರೆ ಬದಲಾಯಿಸ್ತಾರಂತೆ. ಇನ್ನು ಡಬ್ಬಿ ಬೇಡ. ಬೇಜಾರು ಮಾಡ್ಕೋಬೇಡಿ."

ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ಶಿವನ! ನಾವೂ ಇದನ್ನ ಹೇಳಬೇಕಂತ ಎಷ್ಟು ದಿನದಿಂದ ಒದ್ದಾಡಾಕತ್ತೇವ್ರಿ! ನೀವು ಹಿಟ್ಟು ತುಂಬಿ ಕಳಸ್ತೀರಿ. ಆ ಹಿಟ್ಟಿನ್ಯಾಗ ನಿಮಗ ಮಾಡಿ ಕೊಡಲಾರದ ನಾವಷ್ಟ ಉಂಡ್ರ ಮೈಗೆ ಹತ್ತತೈತೇನ್ರಿ? ನಿಮಗಂತ ಮಾಡೂದು, ನಾವೂ ತಿನ್ನೂದು. ಇವರನ್ನ ನೋಡ್ರಿ."

ಒಳಗಿಂದ ಅವಳ ಗಂಡ ಬಂದ. ಪ್ಯಾಂಟಿಗೆ ಗುಂಡಿ ಇಲ್ಲ, ಪಿನ್ನು.

ಎರಡೂ ಮನೆಯವರಿಗೂ ನಿಲ್ಲಿಸುವ ಆಸೆ. ಈಗ ಡಬ್ಬಿ ನನ್ನ ಮನೆಯಲ್ಲಿ. ಖಾಲಿ ಕೊಡೋಕೆ ನನ್ನ ಕೈ ಬರಲ್ಲ. ಅಕ್ಕ ಯೋಚಿಸಿದಳು. "ಕೊಟ್ರ ಖಾಲಿ ಕೊಡಬಾರದ್ರಿ. ನಾನ ಬಂದು ಕದ್ಕೊಂಡು ಹೋದ್ರ? ಆ ಕಡೆ ಮುಖ ಮಾಡಿ ಕುಂದರ್ರಿ ನೀವು."

ಭಾನುವಾರ ಬೆಳಗ್ಗೆ ಬಾಗಿಲು ತೆಗೆದಿಟ್ಟು ಗೋಡೆ ಕಡೆ ಮುಖ ಮಾಡಿ ಕೂತೆ. ಗಂಡ ಮೆಟ್ಟಿಲ ಮೇಲೆ ಕಾವಲು. ಅಕ್ಕ ಮೆಲ್ಲಗೆ ಬಂದಳು, ಡಬ್ಬಿ ಎತ್ತಿ ಸೆರಗಿನೊಳಗೆ ಇಟ್ಟುಕೊಂಡು ಹೊರಟಳು.

ಕೆಳಗೆ ಮನೆ ಓನರಮ್ಮ ಬಟ್ಟೆ ಒಣಗಿಸ್ತಿದ್ದರು. ತಲೆ ಎತ್ತಿ ನೋಡಿದರು. "ಅಯ್ಯೋ ಕಳ್ಳತನ! ಗಂಡನೇ ಕಾವಲು ನಿಂತಿದಾನೆ ನೋಡ್ರೋ!"

ಬೀದಿ ಸೇರಿತು. ಅಕ್ಕ ಡಬ್ಬಿ ಎತ್ತಿ ತೋರಿಸಿ, "ನನ್ನ ಡಬ್ಬೀನ ನಾನ ಕದ್ದೇನ್ರಿ!" ಅಂದಳು. ಗಂಡ, "ಅವ್ರನ್ನ ಕೇಳೇ ಕದ್ದೇವ್ರಿ" ಅಂದ. ಯಾರೂ ನಂಬಲಿಲ್ಲ. ಒಬ್ಬ ಪೊಲೀಸರನ್ನ ಕರೀರಿ ಅಂದ. ಅಕ್ಕನ ಕಣ್ಣಲ್ಲಿ ನೀರು ಬಂತು.

ಬಾಮೈದನ್ನ ಬಿಟ್ಟು ಯಾರಿಗೂ ಹೇಳಬಾರದು ಅಂತ ಇಷ್ಟು ದಿನ ಮುಚ್ಚಿಟ್ಟಿದ್ದೆ. ಪಕ್ಕದ ಮನೆಗೆ ಹೇಳೋಕೇ ಹತ್ತು ಸಲ ಯೋಚಿಸಿದ್ದೆ. ಈಗ ಮೆಟ್ಟಿಲ ಮೇಲೆ ನಿಂತು ಬೀದಿಗೇ ಕೇಳೋ ಹಾಗೆ ಹೇಳಿದೆ. "ಅವರು ಕದ್ದಿಲ್ಲ. ನಾನು ಮನಸ್ಸಿನ ಡಾಕ್ಟರ ಮಾತ್ರೆ ತಗೊಳ್ತೀನಿ. ಅದರಿಂದ ದಪ್ಪ ಆಗ್ತಿದೀನಿ. ಅದಕ್ಕೇ ಡಬ್ಬಿ ನಿಲ್ಲಿಸಿದ್ವಿ."

ಇನ್ನು ಹುಚ್ಚ ಅಂತಾರೆ, ಮನೆ ಬಿಡಿಸ್ತಾರೆ, ಮಿಲ್‌ಗೆ ಯಾರೂ ಬರಲ್ಲ ಅಂದ್ಕೊಂಡೆ.

ಓನರಮ್ಮ ಒದ್ದೆ ಸೀರೆ ಹೆಗಲಿಗೆ ಹಾಕ್ಕೊಂಡರು. "ಮಾತ್ರೆನಾ? ಅಷ್ಟೇನಾ?"

"ಅಷ್ಟೇ ಅಮ್ಮ."

"ಥೂ ನಿಮ್ಮ! ಎರಡು ವರ್ಷದಿಂದ ನಿಮ್ಮ ಹೊಸ ಹೆಂಡ್ತೀನ ಯಾವ ಊರಲ್ಲಿ ಇಟ್ಟಿದೀರ ಅಂತ ನಾವೆಲ್ಲ ತಲೆ ಕೆಡಿಸ್ಕೊಂಡಿದೀವಿ! ಹೆಂಡ್ತಿ ಹೋದ ಗಂಡಸು ಹೀಗೆ ಮೈ ತುಂಬ್ಕೊಂಡ್ರೆ ಇನ್ನೇನಂತ ತಿಳ್ಕೋಬೇಕು? ನಿಮ್ಮ ಬಾಮೈದನ್ನ ಕೇಳಿದ್ರೆ ತಲೆ ತಗ್ಗಿಸ್ದ!"

ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಹಿಂದಿನಿಂದ ಯಾರೋ ಹೆಂಗಸು ಬೇಜಾರಿನಲ್ಲಿ ಕೇಳಿದಳು, "ಹಾಗಾದ್ರೆ ಮಗು ಆಗಿದೆ ಅಂದಿದ್ದೂ ಸುಳ್ಳಾ?"

ಮಾರನೇ ದಿನ ಬೆಳಗ್ಗೆ ಎದ್ದೆ. ಅವಳು ಹೋದ ಮೇಲೆ ಮೊದಲ ಸಲ ಒಲೆ ಹಚ್ಚಿದೆ. ನೀರು ಕುದಿಸಿ ರಾಗಿ ಹಿಟ್ಟು ಹಾಕಿ ಮುದ್ದೆ ಕಟ್ಟಿದೆ. ಹೊರಗೆ ಕಲ್ಲು, ಒಳಗೆ ಹಸಿ ಹಿಟ್ಟು. ತಟ್ಟೆಗೆ ಹಾಕ್ಕೊಂಡು ಕೂತೆ. ಅರ್ಧ ತಿಂದು ಎದ್ದೆ. ಆ ಮಾತ್ರೆ ಶುರುವಾದ ಮೇಲೆ ನನ್ನ ತಟ್ಟೆಯಲ್ಲಿ ಊಟ ಮಿಕ್ಕಿದ್ದು ಅವತ್ತೇ ಮೊದಲು.